ಲಿನಕ್ಸ್ ಕರ್ನಲ್ ಪ್ಯಾಚ್ ರಿವ್ಯೂ: ಡಿಫ್‌ನಲ್ಲಿ ಕಾಣದ ಸಾಲುಗಳನ್ನು ಓದುವುದು ಹೇಗೆ?

ಲಿನಕ್ಸ್ ಕರ್ನಲ್‌ಗೆ ತಮ್ಮದೊಂದು ಪ್ಯಾಚ್ (ಕೋಡ್ ಬದಲಾವಣೆ) ಸೇರಬೇಕು ಎಂಬ ಆಸೆ ಇರುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಬೇರೆಯವರು ಬರೆದ ಪ್ಯಾಚನ್ನು ಕೂತು ಓದಿ, ಇಲ್ಲಿ ಎಡವಿದ್ದೀರಿ, ಇದು ಸರಿಯಿದೆ ಎಂದು ಹೇಳುವವರು ಮಾತ್ರ ಕಡಿಮೆ. ಕರ್ನಲ್‌ಗೆ ಇವತ್ತು ಬೇಕಾಗಿರುವುದು ಈ ಎರಡನೆಯ ಬಗೆಯವರು. ಒಂಬತ್ತು ಹತ್ತು ವಾರಕ್ಕೊಮ್ಮೆ ಹೊಸ ಆವೃತ್ತಿ ಹೊರಬರುತ್ತದೆ, ಒಂದೊಂದರಲ್ಲೂ ಹತ್ತು ಸಾವಿರಕ್ಕಿಂತ ಹೆಚ್ಚು ಕಮಿಟ್‌ಗಳು ಒಳಹೋಗುತ್ತವೆ. ಎಷ್ಟೋ ವಿಭಾಗಗಳಲ್ಲಿ ಬಂದಷ್ಟನ್ನೂ ಓದುವ ಭಾರ ಒಬ್ಬಿಬ್ಬರ ಹೆಗಲ ಮೇಲಿದೆ. ಬೆಂಗಳೂರಿನ ಚಿಪ್ ಕಂಪನಿಗಳಿಂದ ದಿನವೂ ಡ್ರೈವರ್ ಪ್ಯಾಚ್‌ಗಳು ಹೋಗುತ್ತಿವೆ. ಆದರೆ ಕಳಿಸುವವರಲ್ಲಿ ಎಷ್ಟು ಜನ ಇನ್ನೊಬ್ಬರ ಪ್ಯಾಚ್ ಓದುತ್ತಾರೆ ಎಂದು ನೋಡಿದರೆ ಬೇಸರವಾಗುತ್ತದೆ.

ಈ ಬರಹ ಅಂಥವರಿಗಾಗಿ. ನಿಮಗೆ ಸಿ ಭಾಷೆ ಬರುತ್ತದೆ, ಗಿಟ್ ಬಳಸಿ ಗೊತ್ತು, ಕರ್ನಲ್ ಬಿಲ್ಡ್ ಮಾಡಿ ಬೂಟ್ ಮಾಡಿದ್ದೀರಿ ಎಂದುಕೊಂಡು ಮುಂದುವರಿಯುತ್ತೇನೆ.

ಒಂದು ವಿಷಯವನ್ನು ಮೊದಲೇ ಹೇಳಬೇಕು. ಪ್ಯಾಚ್ ಎಂದರೆ ಒಂದು ಡಿಫ್: ಬದಲಾದ ಸಾಲುಗಳು, ಅವುಗಳ ಮೇಲೆ ಮೂರು, ಕೆಳಗೆ ಮೂರು ಸಾಲು. ನಮ್ಮ ಕಣ್ಣು ಸಹಜವಾಗಿ ಪ್ಲಸ್ ಚಿಹ್ನೆಯ ಸಾಲುಗಳ ಮೇಲೆ ನಿಲ್ಲುತ್ತದೆ. ಅಲ್ಲಿ ತಪ್ಪಿದ್ದರೆ ಕಂಪೈಲರ್, ಟೂಲ್, ಟೆಸ್ಟ್ ಯಾವುದಾದರೂ ಒಂದು ಹಿಡಿದೀತು. ಕರ್ನಲ್‌ನಲ್ಲಿ ನಿಜವಾಗಿ ಕಾಡಿದ ದೋಷಗಳು ಬಹುಮಟ್ಟಿಗೆ ಇದ್ದದ್ದು ಆ ಆರು ಸಾಲಿನಾಚೆ, ಪ್ಯಾಚ್ ಮುಟ್ಟದ ಕೋಡ್‌ನಲ್ಲಿ. ಅದನ್ನು ಹುಡುಕಿಕೊಂಡು ಹೋಗಿ ಓದುವುದೇ ರಿವ್ಯೂ. ಕೆಳಗೆ ಹೇಳುವ ಎಲ್ಲ ಹೆಜ್ಜೆಗಳೂ ಇದಕ್ಕೇ ಸಂಬಂಧಪಟ್ಟವು.

ಯಾವ ಪ್ಯಾಚ್ ಎತ್ತಿಕೊಳ್ಳಬೇಕು?

ಇಡೀ ಕರ್ನಲ್ ಓದಲು ಹೊರಡಬೇಡಿ. ಒಂದು ವಿಭಾಗ ಸಾಕು. ಅದರಲ್ಲೂ ನಿಮ್ಮ ಮೇಜಿನ ಮೇಲೆ ಯಾವ ಹಾರ್ಡ್‌ವೇರ್ ಇದೆಯೋ ಅದರ ಡ್ರೈವರ್ ಇರುವ ವಿಭಾಗ. ತಾಪಮಾನ, ವೋಲ್ಟೇಜ್ ಅಳೆಯುವ ಚಿಪ್‌ಗಳ ಹಾರ್ಡ್‌ವೇರ್ ಮಾನಿಟರಿಂಗ್ ವಿಭಾಗ, ಸೆನ್ಸರ್‌ಗಳ ಐಐಒ (ಇಂಡಸ್ಟ್ರಿಯಲ್ ಐ/ಒ) ವಿಭಾಗ ಹೊಸಬರಿಗೆ ಒಳ್ಳೆಯವು. ಡ್ರೈವರ್‌ಗಳು ಚಿಕ್ಕವು, ಡೇಟಾಶೀಟ್ ಸಿಗುತ್ತದೆ, ಆ ವಿಭಾಗದ ಹೊಣೆ ಹೊತ್ತ ಮೇಂಟೇನರ್‌ಗಳು ಎಚ್ಚರದಿಂದ ಓದಿ ಉತ್ತರಿಸುತ್ತಾರೆ. ಮೆಮೊರಿ ನಿರ್ವಹಣೆ, ಶೆಡ್ಯೂಲರ್ ಕಡೆಗೆ ಆಮೇಲೆ ಹೋಗಬಹುದು.

ಕರ್ನಲ್ ಮೂಲದ ಮೇಲ್ಮಟ್ಟದ ಡೈರೆಕ್ಟರಿಯಲ್ಲೇ ಮೇಂಟೇನರ್ಸ್ ಎಂಬ ಕಡತವಿದೆ. ಯಾವ ಕಡತ ಯಾರ ಹೊಣೆ, ಚರ್ಚೆ ಎಲ್ಲಿ ನಡೆಯುತ್ತದೆ, ಆ ಭಾಗವನ್ನು ಯಾರಾದರೂ ನೋಡಿಕೊಳ್ಳುತ್ತಿದ್ದಾರೋ ಅನಾಥವಾಗಿದೆಯೋ ಎಲ್ಲ ಅದರಲ್ಲಿದೆ. ಹೆಸರಿನ ಮುಂದೆ ‘ಎಂ’ ಇದ್ದರೆ ಮೇಂಟೇನರ್, ‘ಆರ್’ ಇದ್ದರೆ ರಿವ್ಯೂವರ್. ಸ್ಕ್ರಿಪ್ಟ್ಸ್ ಡೈರೆಕ್ಟರಿಯಲ್ಲಿರುವ ಗೆಟ್_ಮೇಂಟೇನರ್ ಸ್ಕ್ರಿಪ್ಟ್‌ಗೆ ಕಡತದ ಹೆಸರು ಕೊಟ್ಟರೆ ಇದೆಲ್ಲ ಹೊರಬರುತ್ತದೆ. ರಿವ್ಯೂ ಮಾಡಲು ಯಾರ ಅಪ್ಪಣೆಯೂ ಬೇಕಿಲ್ಲ. ಪ್ಯಾಚ್‌ಗಳು ಆ ವಿಭಾಗದ ಮೇಲಿಂಗ್ ಲಿಸ್ಟ್‌ಗೆ ಮೇಲ್ ಆಗಿ ಬರುತ್ತವೆ, ಅವಕ್ಕೆ ಯಾರು ಬೇಕಾದರೂ ಉತ್ತರಿಸಬಹುದು.

ಮಾತಾಡುವ ಮೊದಲು ಆ ವಿಭಾಗದ ಹಿಂದಿನ ಎರಡು ಮೂರು ತಿಂಗಳ ರಿವ್ಯೂಗಳನ್ನು ಓದಿ. ಒಂದೊಂದು ವಿಭಾಗಕ್ಕೂ ಅದರದೇ ರೂಢಿಗಳಿವೆ. ನೆಟ್‌ವರ್ಕಿಂಗ್‌ನವರು ಒಂದೇ ಪ್ಯಾಚಿನ ಹೊಸ ಆವೃತ್ತಿಯನ್ನು 24 ಗಂಟೆಯೊಳಗೆ ಮತ್ತೆ ಕಳಿಸಬಾರದು ಅನ್ನುತ್ತಾರೆ, ಮುಖ್ಯ ಕರ್ನಲ್‌ಗೆ ಹೊಸ ಬದಲಾವಣೆಗಳನ್ನು ಸೇರಿಸಿಕೊಳ್ಳುವ ಮರ್ಜ್ ವಿಂಡೋ ತೆರೆದಿರುವ ಎರಡು ವಾರ ಹೊಸ ಫೀಚರ್‌ಗಳನ್ನು ತೆಗೆದುಕೊಳ್ಳುವುದಿಲ್ಲ. ಇವು ಗೊತ್ತಿದ್ದರೆ ನಿಮ್ಮ ಮಾತಿಗೆ ಬೆಲೆ ಬರುತ್ತದೆ.

ಕೋಡ್‌ಗಿಂತ ಮೊದಲು ಸಂದೇಶ

ಡಿಫ್ ಮುಚ್ಚಿಟ್ಟು ಕಮಿಟ್ ಸಂದೇಶ ಮಾತ್ರ ಓದಿ. ತೊಂದರೆ ಏನು, ಅದು ಯಾರಿಗೆ ಹೇಗೆ ಕಾಣುತ್ತಿತ್ತು, ಈ ದಾರಿಯನ್ನೇ ಏಕೆ ಹಿಡಿದರು ಎಂಬುದು ಅಷ್ಟರಲ್ಲೇ ತಿಳಿಯಬೇಕು. ‘ಮೆಮೊರಿ ಲೀಕ್ ಸರಿಪಡಿಸಿದೆ’ ಎಂದಷ್ಟೇ ಇದ್ದರೆ ಸಾಲದು. ಯಾವ ಹಾದಿಯಲ್ಲಿ ಲೀಕ್ ಆಗುತ್ತಿತ್ತು, ನಿಜವಾದ ಯಂತ್ರದಲ್ಲಿ ಕಂಡಿತೋ ಟೂಲ್ ಹೇಳಿತೋ, ಟೂಲ್ ಆದರೆ ಯಾವುದು ಎಂದು ಕೇಳಿ. ಬರೆದವರಿಗೆ ಕಾರಣ ವಿವರಿಸಲು ಆಗದಿದ್ದರೆ ಕೋಡ್‌ನಲ್ಲೂ ಏನೋ ಗಂಟಿದೆ ಎಂದೇ ಹಿಡಿಯಿರಿ. ಈ ಅನುಮಾನ ಸುಳ್ಳಾಗುವುದು ಅಪರೂಪ.

ಯಾವ ಕಮಿಟ್‌ನ ದೋಷವನ್ನು ಸರಿಪಡಿಸುತ್ತಿದೆ ಎಂದು ಹೇಳುವ ಫಿಕ್ಸಸ್ ಟ್ಯಾಗ್ ಇದ್ದರೆ ಅದು ತೋರಿಸುವ ಕಮಿಟ್ ತೆರೆದು ನೋಡಿ. ದೋಷ ಹುಟ್ಟಿದ್ದು ಅಲ್ಲೇನಾ? ಎಷ್ಟೋ ಸಲ ಜನ ‘ಗಿಟ್ ಬ್ಲೇಮ್’ ಕೊಟ್ಟ ಮೊದಲ ಕಮಿಟ್ ಅನ್ನೇ ಹಾಕಿಬಿಡುತ್ತಾರೆ. ಅದು ಬರೀ ಇಂಡೆಂಟ್ ಬದಲಿಸಿದ ಕಮಿಟ್ ಆಗಿರುತ್ತದೆ. ಬಿಡುಗಡೆಯಾದ ಮೇಲೂ ಫಿಕ್ಸ್‌ಗಳನ್ನು ಪಡೆಯುತ್ತಿರುವ ಹಳೆಯ ಸ್ಟೇಬಲ್ ಆವೃತ್ತಿಗಳಲ್ಲಿ ಯಾವುದಕ್ಕೆ ಈ ಫಿಕ್ಸ್ ಹೋಗಬೇಕು ಎಂದು ತೀರ್ಮಾನವಾಗುವುದು ಈ ಟ್ಯಾಗ್‌ನ ಮೇಲೆ, ಆದ್ದರಿಂದ ಇದು ಸಣ್ಣ ವಿಷಯವಲ್ಲ.

ಒಂದು ಪ್ಯಾಚ್ ಒಂದೇ ಕೆಲಸ ಮಾಡಬೇಕು. ಸಂದೇಶದಲ್ಲಿ ‘ಜೊತೆಗೆ ಇದನ್ನೂ ಸರಿಪಡಿಸಲಾಗಿದೆ’ ಎಂದು ಬಂದರೆ ಎರಡಾಗಿ ಒಡೆಯಲು ಹೇಳಿ. ಸರಣಿಯಲ್ಲಿ ಬಂದಿದ್ದರೆ ಪ್ರತಿಯೊಂದು ಪ್ಯಾಚ್ ಹಚ್ಚಿದ ಮೇಲೂ ಕರ್ನಲ್ ಬಿಲ್ಡ್ ಆಗಬೇಕು, ಬೂಟ್ ಆಗಬೇಕು. ಇಲ್ಲದಿದ್ದರೆ ಮುಂದೊಂದು ದಿನ ಬೈಸೆಕ್ಟ್ ಮಾಡಿ, ಅಂದರೆ ಕಮಿಟ್‌ಗಳನ್ನು ಅರ್ಧರ್ಧ ಮಾಡುತ್ತಾ ಹೋಗಿ, ದೋಷ ಹುಡುಕುವವರ ಶ್ರಮವೆಲ್ಲ ನೀರುಪಾಲು.

ಹಚ್ಚಿ, ಬಿಲ್ಡ್ ಮಾಡಿ, ಆಮೇಲೆ ಓದಿ

ಮೇಲ್‌ನಲ್ಲಿ ಓದಿ ಮುಗಿಸಬೇಡಿ. ‘ಬಿ4’ ಎಂಬ ಟೂಲ್ ಇನ್‌ಸ್ಟಾಲ್ ಮಾಡಿಕೊಳ್ಳಿ. ಪ್ಯಾಚಿನ ಮೆಸೇಜ್ ಐಡಿ ಕೊಟ್ಟು ‘ಬಿ4 ಶಜಾಮ್’ ಅಂದರೆ ಇಡೀ ಸರಣಿಯನ್ನು ತಂದು ನಿಮ್ಮ ಟ್ರೀಗೆ (ಕರ್ನಲ್ ಮೂಲದ ಪ್ರತಿಗೆ) ಹಚ್ಚುತ್ತದೆ, ಬೇರೆಯವರು ಆಗಲೇ ಕೊಟ್ಟ ಟ್ಯಾಗ್‌ಗಳನ್ನೂ ಸೇರಿಸಿಕೊಳ್ಳುತ್ತದೆ. ಹಚ್ಚಿದ ಮೇಲೆ ಎಡಿಟರ್‌ನಲ್ಲಿ ಇಡೀ ಫಂಕ್ಷನ್ ತೆರೆಯಿರಿ. ಡಿಫ್‌ನ ಕಿರಿದಾದ ಕಿಟಕಿಯಿಂದ ಹೊರಬರಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಟೂಲ್‌ಗಳು ಮಾಡುವ ಕೆಲಸವನ್ನು ಟೂಲ್‌ಗಳಿಗೇ ಬಿಡಿ. ಚೆಕ್‌ಪ್ಯಾಚ್ ಸ್ಕ್ರಿಪ್ಟ್ ಶೈಲಿ ನೋಡುತ್ತದೆ. ‘ಡಬ್ಲ್ಯೂ=1’ ಕೊಟ್ಟು ಬಿಲ್ಡ್ ಮಾಡಿದರೆ ಹೆಚ್ಚಿನ ವಾರ್ನಿಂಗ್‌ಗಳು ಬರುತ್ತವೆ. ‘ಸಿ=1’ ಕೊಟ್ಟರೆ ಸ್ಪಾರ್ಸ್ ಎಂಬ ಟೂಲ್ ಓಡಿ ಎಂಡಿಯನ್ (ಬೈಟ್‌ಗಳ ಕ್ರಮದ) ತಪ್ಪು, ಯೂಸರ್ ಪಾಯಿಂಟರನ್ನು ನೇರವಾಗಿ ಮುಟ್ಟಿದ ತಪ್ಪು ಹಿಡಿಯುತ್ತದೆ. ಸ್ಮ್ಯಾಚ್, ಕಾಕ್ಸಿನೆಲ್ ಎಂಬ ಟೂಲ್‌ಗಳು ಇನ್ನೂ ಆಳಕ್ಕೆ ಹೋಗುತ್ತವೆ. ಇಂಟೆಲ್ ನಡೆಸುವ ಕರ್ನಲ್ ಟೆಸ್ಟ್ ರೋಬಾಟ್ ಹತ್ತಾರು ಆರ್ಕಿಟೆಕ್ಚರ್‌ಗಳಿಗೆ ಬಿಲ್ಡ್ ಮಾಡಿ ತಾನೇ ಮೇಲ್ ಕಳಿಸುತ್ತದೆ. ಹಾಗಾಗಿ ಬ್ರೇಸ್ ಎಲ್ಲಿರಬೇಕು, ಸಾಲು ಎಷ್ಟು ಉದ್ದವಿರಬೇಕು ಎಂಬುದರಲ್ಲೇ ನಿಮ್ಮ ರಿವ್ಯೂ ಮುಗಿದರೆ, ಯಂತ್ರ ಮಾಡುವ ಕೆಲಸವನ್ನು ನೀವು ಮಾಡಿದ ಹಾಗಾಯಿತು. 2020ರಲ್ಲಿ ಚೆಕ್‌ಪ್ಯಾಚ್‌ನ ಸಾಲಿನ ಮಿತಿಯನ್ನು 80ರಿಂದ 100 ಅಕ್ಷರಕ್ಕೆ ಏರಿಸಿದ್ದು ಕೂಡ 80ಕ್ಕೆ ಹೊಂದಿಸಲು ಹೋಗಿ ಕೋಡ್ ಓದಲು ಕಷ್ಟವಾಗುತ್ತಿದ್ದುದರಿಂದಲೇ.

ಆದರೂ ಯಂತ್ರವನ್ನು ನಂಬಿ ಕಣ್ಣು ಮುಚ್ಚುವ ಹಾಗಿಲ್ಲ. 2003ರ ನವೆಂಬರ್‌ನಲ್ಲಿ ಕರ್ನಲ್ ಮೂಲದ ಸಿವಿಎಸ್ (ಗಿಟ್‌ಗಿಂತ ಹಳೆಯ ಆವೃತ್ತಿ ನಿರ್ವಹಣೆಯ ಟೂಲ್) ಪ್ರತಿಯೊಳಗೆ ಯಾರೋ ಎರಡು ಸಾಲು ತೂರಿಸಿದ್ದರು. ವೇಟ್4 ಸಿಸ್ಟಂ ಕಾಲ್‌ನಲ್ಲಿ, ವಿಚಿತ್ರವಾದ ಎರಡು ಆಯ್ಕೆಗಳು ಒಟ್ಟಿಗೆ ಬಂದರೆ ಎರರ್ ಹಿಂತಿರುಗಿಸುವ ತಪಾಸಣೆಯಂತೆ ಅದು ಕಾಣುತ್ತಿತ್ತು. ಷರತ್ತಿನ ಎರಡನೆಯ ಭಾಗದಲ್ಲಿ ಬಳಕೆದಾರರ ಐಡಿ ಸೊನ್ನೆಯೇ ಎಂದು ಹೋಲಿಸಬೇಕಾದ ಕಡೆ ಎರಡು ಸಮ ಚಿಹ್ನೆಯ ಬದಲು ಒಂದೇ ಇತ್ತು. ಅಂದರೆ ಹೋಲಿಕೆ ಅಲ್ಲ, ಐಡಿಯನ್ನೇ ಸೊನ್ನೆ ಮಾಡುವ ಕೆಲಸ. ಕರೆದವರು ಸದ್ದಿಲ್ಲದೆ ಎಲ್ಲ ಅಧಿಕಾರವಿರುವ ರೂಟ್ ಆಗಿಬಿಡುತ್ತಿದ್ದರು. ಆ ಭಾಗಕ್ಕೆ ಪ್ರತ್ಯೇಕ ಆವರಣ ಹಾಕಿದ್ದರಿಂದ ಕಂಪೈಲರ್ ಕೂಡ ಎಚ್ಚರಿಸುವ ಹಾಗಿರಲಿಲ್ಲ. ಮುಖ್ಯ ಭಂಡಾರವಾಗಿದ್ದ ಬಿಟ್‌ಕೀಪರ್‌ನಲ್ಲಿ ಆ ಬದಲಾವಣೆಯ ದಾಖಲೆ ಇಲ್ಲದಿದ್ದರಿಂದ ಸಿಕ್ಕಿಬಿತ್ತು. ರಿವ್ಯೂ ಮಾಡುವಾಗ ಷರತ್ತುಗಳನ್ನು ಒಂದೊಂದು ಚಿಹ್ನೆಯಾಗಿ ಓದಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಒಂದು ಪ್ಯಾಚನ್ನು ಹತ್ತಿರದಿಂದ ನೋಡೋಣ

ಉದಾಹರಣೆಗೆ ಒಂದು ತಾಪಮಾನ ಸೆನ್ಸರ್ ಡ್ರೈವರ್ ಇದೆ ಅಂದುಕೊಳ್ಳಿ. ಡಿವೈಸ್ ಸಿಕ್ಕಾಗ ಕರ್ನಲ್ ಕರೆಯುವ ಇದರ ಪ್ರೋಬ್ ಫಂಕ್ಷನ್ ನಾಲ್ಕು ಕೆಲಸ ಮಾಡುತ್ತದೆ: ಮೆಮೊರಿ ಪಡೆಯುತ್ತದೆ, ರಿಜಿಸ್ಟರ್‌ಗಳನ್ನು ಮ್ಯಾಪ್ ಮಾಡುತ್ತದೆ, ಇಂಟರಪ್ಟ್ ಪಡೆಯುತ್ತದೆ, ಕೊನೆಗೆ ಸೆನ್ಸರನ್ನು ನೋಂದಾಯಿಸುತ್ತದೆ. ಎಲ್ಲವೂ ‘ಡೆವ್‌ಎಂ’ ಬಗೆಯ ಕರೆಗಳು. ಅಂದರೆ ಡಿವೈಸ್ ಹೋದಾಗ ಕರ್ನಲ್ ತಾನೇ ಬಿಡುಗಡೆ ಮಾಡುತ್ತದೆ. ಹಾಗಾಗಿ ಎಲ್ಲೇ ಸೋತರೂ ಬರೀ ರಿಟರ್ನ್ ಸಾಕು.

ಈಗ ಒಂದು ಪ್ಯಾಚ್ ಬರುತ್ತದೆ. ಹೊಸ ಚಿಪ್‌ನಲ್ಲಿ ಸೆನ್ಸರ್‌ಗೆ ಬೇರೆ ಕ್ಲಾಕ್ ಬೇಕು. ಮ್ಯಾಪ್ ಆದ ಕೂಡಲೇ ಕ್ಲಾಕ್ ಪಡೆದು ಆನ್ ಮಾಡುವ ಕೆಲವು ಸಾಲು, ಡಿವೈಸ್ ಹೋಗುವಾಗ ಓಡುವ ರಿಮೂವ್ ಫಂಕ್ಷನ್‌ನಲ್ಲಿ ಅದನ್ನು ಆಫ್ ಮಾಡುವ ಒಂದು ಸಾಲು. ಆನ್‌ಗೆ ತಕ್ಕ ಆಫ್ ಇದೆ, ಎರರ್ ತಪಾಸಣೆ ಇದೆ, ಚೆಕ್‌ಪ್ಯಾಚ್‌ಗೂ ತಕರಾರಿಲ್ಲ. ಡಿಫ್ ಮಾತ್ರ ನೋಡುವವರು ಇಲ್ಲಿಗೆ ಒಪ್ಪಿಬಿಡುತ್ತಾರೆ.

ಇಡೀ ಫಂಕ್ಷನ್ ತೆರೆಯಿರಿ. ಹೊಸ ಸಾಲುಗಳ ಕೆಳಗೆ ಇನ್ನೂ ಎರಡು ರಿಟರ್ನ್‌ಗಳಿವೆ: ಇಂಟರಪ್ಟ್ ಸಿಗದಿದ್ದಾಗ ಒಂದು, ನೋಂದಣಿ ಸೋತಾಗ ಇನ್ನೊಂದು. ನಿನ್ನೆಯವರೆಗೆ ಅವು ಸರಿಯಿದ್ದವು. ಕ್ಲಾಕ್ ಬಂದ ಕ್ಷಣದಿಂದ ಎರಡೂ ತಪ್ಪು, ಏಕೆಂದರೆ ಆ ಹಾದಿಯಲ್ಲಿ ಹೊರಬಿದ್ದರೆ ಕ್ಲಾಕ್ ಆನ್ ಆಗಿಯೇ ಉಳಿಯುತ್ತದೆ. ಪ್ಯಾಚ್ ಮುಟ್ಟದ ಸಾಲುಗಳನ್ನು ಪ್ಯಾಚ್ ಕೆಡಿಸಿದೆ.

ಮುಂದೆ ರಿಮೂವ್ ನೋಡಿ. ಕರ್ನಲ್ ಮೊದಲು ಡ್ರೈವರಿನ ರಿಮೂವ್ ಕರೆಯುತ್ತದೆ, ಆಮೇಲೆ ‘ಡೆವ್‌ಎಂ’ ವಸ್ತುಗಳನ್ನು ಪಡೆದ ಕ್ರಮಕ್ಕೆ ತಿರುಗುಮುರುಗಾಗಿ ಬಿಡುಗಡೆ ಮಾಡುತ್ತದೆ. ಅಂದರೆ ಕ್ಲಾಕ್ ಆಫ್ ಆದಾಗ ಇಂಟರಪ್ಟ್ ಇನ್ನೂ ಜೀವಂತ. ಆ ಸಣ್ಣ ಅವಧಿಯಲ್ಲಿ ಇಂಟರಪ್ಟ್ ಬಂದು ಹ್ಯಾಂಡ್ಲರ್ ರಿಜಿಸ್ಟರ್ ಓದಿದರೆ, ಕ್ಲಾಕ್ ಇಲ್ಲದ ಹಾರ್ಡ್‌ವೇರ್ ಉತ್ತರಿಸುವುದಿಲ್ಲ. ಎಷ್ಟೋ ಚಿಪ್‌ಗಳಲ್ಲಿ ಇಡೀ ಬಸ್ ಸ್ತಬ್ಧವಾಗುತ್ತದೆ. ಲ್ಯಾಬ್‌ನಲ್ಲಿ ಸುಲಭಕ್ಕೆ ಕಾಣದ, ಗ್ರಾಹಕರ ಕೈಯಲ್ಲಿ ಮಾತ್ರ ಕಾಣುವ ದೋಷ ಇದು.

ಎರಡಕ್ಕೂ ಮದ್ದು ಒಂದೇ. ಕ್ಲಾಕ್ ಪಡೆಯುವುದು, ಆನ್ ಮಾಡುವುದು, ಕೊನೆಗೆ ಆಫ್ ಮಾಡುವುದು ಮೂರನ್ನೂ ಸೇರಿಸಿ ಮಾಡುವ ‘ಡೆವ್‌ಎಂ_ಸಿಎಲ್‌ಕೆ_ಗೆಟ್_ಎನೇಬಲ್ಡ್’ ಬಳಸಿ ಎಂದು ಸೂಚಿಸಿ. ಆಗ ಮೊದಲು ನೋಂದಣಿ, ನಂತರ ಇಂಟರಪ್ಟ್, ಕೊನೆಗೆ ಕ್ಲಾಕ್ ಎಂಬ ಸರಿಯಾದ ಕ್ರಮದಲ್ಲಿ ಎಲ್ಲ ಬಿಚ್ಚಿಕೊಳ್ಳುತ್ತವೆ, ಪ್ಯಾಚ್ ಕೂಡ ಚಿಕ್ಕದಾಗುತ್ತದೆ.

ಇಷ್ಟಕ್ಕೇ ನಿಲ್ಲಬೇಡಿ. ಬೋರ್ಡ್‌ನಲ್ಲಿ ಯಾವ ಹಾರ್ಡ್‌ವೇರ್ ಇದೆ ಎಂದು ಕರ್ನಲ್‌ಗೆ ಹೇಳುವ ಕಡತ ಡಿವೈಸ್ ಟ್ರೀ. ಹಳೆಯ ಬೋರ್ಡ್‌ಗಳ ಡಿವೈಸ್ ಟ್ರೀಯಲ್ಲಿ ಈ ಕ್ಲಾಕಿನ ಹೆಸರೇ ಇಲ್ಲ. ಹೊಸ ಕೋಡ್ ಕ್ಲಾಕ್ ಸಿಗಲಿಲ್ಲ ಎಂದು ಎರರ್ ಕೊಟ್ಟರೆ, ಇಷ್ಟು ವರ್ಷ ಓಡುತ್ತಿದ್ದ ಬೋರ್ಡಿನಲ್ಲಿ ಕರ್ನಲ್ ಅಪ್‌ಡೇಟ್ ಆದ ದಿನ ಸೆನ್ಸರ್ ಮಾಯ. ಆ ಡಿವೈಸ್ ಟ್ರೀ ಕಡತ ಇರುವುದು ಬೇರೆಯೇ ಡೈರೆಕ್ಟರಿಯಲ್ಲಿ, ಡಿಫ್ ಅದರ ಹತ್ತಿರಕ್ಕೂ ಹೋಗಿಲ್ಲ. ಇದೇ ಕರೆಯ ‘ಆಪ್ಷನಲ್’ ರೂಪ ಬಳಸಬೇಕು, ಡಿವೈಸ್ ಟ್ರೀಯಲ್ಲಿ ಏನೇನಿರಬೇಕು ಎಂದು ಹೇಳುವ ಬೈಂಡಿಂಗ್ ದಾಖಲೆಗೆ ಪ್ರತ್ಯೇಕ ಪ್ಯಾಚ್ ಬೇಕು ಎಂದು ಬರೆಯಿರಿ.

ನಿಮ್ಮ ಬಳಿ ಬೋರ್ಡ್ ಇದ್ದರೆ ಡ್ರೈವರ್, ಡಿವೈಸ್‌ಗಳನ್ನು ಕಡತಗಳಾಗಿ ತೋರಿಸುವ ಸಿಸ್‌ಎಫ್‌ಎಸ್‌ನ ಅನ್‌ಬೈಂಡ್, ಬೈಂಡ್ ಕಡತಗಳಿಗೆ ಡಿವೈಸಿನ ಹೆಸರು ಬರೆದು ಡ್ರೈವರನ್ನು ಕಳಚಿ ಜೋಡಿಸಿ ನೋಡಿ. ಬರೆದವರೂ ಒಮ್ಮೆಯೂ ಓಡಿಸದ ಹಾದಿ ಸಾಮಾನ್ಯವಾಗಿ ಇದೇ.

ಇಲ್ಲಿ ಇನ್ನೊಂದು ಎಚ್ಚರಿಕೆ. ಎರರ್ ಹಾದಿಯಲ್ಲಿ ‘ಒಂದು ಫ್ರೀ ಬಿಟ್ಟುಹೋಗಿತ್ತು, ಸೇರಿಸಿದ್ದೇನೆ’ ಎನ್ನುವ ಒಂದು ಸಾಲಿನ ಪ್ಯಾಚ್‌ಗಳು ರಾಶಿ ರಾಶಿ ಬರುತ್ತವೆ. ನೋಡಲು ಸಾಧು. ಆದರೆ ಒಳಗಿನ ಫಂಕ್ಷನ್ ಸೋತಾಗ ತಾನೇ ಫ್ರೀ ಮಾಡುವ ಹಾಗಿದ್ದರೆ, ಹೊಸ ಸಾಲಿನಿಂದ ಅದೇ ಮೆಮೊರಿ ಎರಡು ಸಲ ಫ್ರೀ ಆಗುತ್ತದೆ. ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ರಿವ್ಯೂವನ್ನೇ ಪರೀಕ್ಷಿಸಲು ಬೇಕೆಂದೇ ದೋಷವಿಟ್ಟು ಕಳಿಸಿದ ಪ್ಯಾಚ್‌ಗಳು ಇಂಥ ಸಣ್ಣ ‘ಫಿಕ್ಸ್’ಗಳ ವೇಷದಲ್ಲೇ ಬಂದಿದ್ದವು. 2021ರಲ್ಲಿ ಅದು ದೊಡ್ಡ ಗಲಾಟೆಯಾಗಿ, ಆ ವಿಶ್ವವಿದ್ಯಾಲಯದಿಂದ ಹಿಂದೆ ಬಂದಿದ್ದ ನೂರಾರು ಕಮಿಟ್‌ಗಳನ್ನು ಸ್ವಯಂಸೇವಕರು ಮತ್ತೆ ಕೂತು ಓದಬೇಕಾಯಿತು. ಆ ಕಮಿಟ್‌ಗಳಲ್ಲಿ ಬಹುಪಾಲು ಸರಿಯಾಗಿಯೇ ಇದ್ದವು. ಓದಿದವರ ಸಮಯ ಮಾತ್ರ ವಾಪಸ್ ಬರಲಿಲ್ಲ. ಫ್ರೀ ಅಥವಾ ಪುಟ್ (ಹಿಡಿದ ರೆಫರೆನ್ಸ್ ಬಿಟ್ಟುಕೊಡುವ ಕರೆ) ಸೇರಿಸುವ ಪ್ಯಾಚ್ ಎಷ್ಟೇ ಚಿಕ್ಕದಿದ್ದರೂ ಕರೆಯಲ್ಪಡುವ ಫಂಕ್ಷನ್ನಿನ ಒಳಗೆ ಹೋಗಿ ಓದದೆ ಒಪ್ಪಬೇಡಿ.

ಡರ್ಟಿ ಪೈಪ್ ಕಲಿಸುವ ಪಾಠ

ಹಳೆಯ ಕೋಡ್ ಎಷ್ಟು ದೂರದಿಂದ ಬಂದು ಕಚ್ಚಬಲ್ಲದು ಎಂಬುದಕ್ಕೆ ಡರ್ಟಿ ಪೈಪ್ ಎಂಬ ಭದ್ರತಾ ದೋಷಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಪೈಪ್ (ಒಂದು ಪ್ರೋಗ್ರಾಂನಿಂದ ಇನ್ನೊಂದಕ್ಕೆ ಡೇಟಾ ದಾಟಿಸುವ ಹಾದಿ) ಎಂದರೆ ಕರ್ನಲ್‌ನೊಳಗೆ ಬಫರ್‌ಗಳ ಒಂದು ವೃತ್ತ. ಪ್ರತಿ ಬಫರ್‌ಗೆ ಒಂದು ಪುಟ, ಉದ್ದ, ಫ್ಲ್ಯಾಗ್‌ಗಳು ಇತ್ಯಾದಿ. 2016ರಲ್ಲಿ ಸೇರಿದ ಕೋಡ್‌ನಲ್ಲಿ ಎರಡು ಫಂಕ್ಷನ್‌ಗಳು ಬಫರ್ ತುಂಬುವಾಗ ಫ್ಲ್ಯಾಗ್‌ಗಳಿಗೆ ಯಾವ ಬೆಲೆಯನ್ನೂ ಕೊಡಲಿಲ್ಲ, ಹಿಂದಿನವರು ಬಿಟ್ಟುಹೋದದ್ದೇ ಉಳಿಯುತ್ತಿತ್ತು. ಆಗ ಅಪಾಯ ತರುವ ಫ್ಲ್ಯಾಗ್ ಯಾವುದೂ ಇರಲಿಲ್ಲವಾದ್ದರಿಂದ ಏನೂ ಆಗಲಿಲ್ಲ.

2020ರಲ್ಲಿ 5.8 ಆವೃತ್ತಿಗೆ ಒಂದು ಶುದ್ಧೀಕರಣ ಬಂತು. ಇದೇ ಪುಟಕ್ಕೆ ಮುಂದಿನ ಬರಹವನ್ನು ಸೇರಿಸಬಹುದು ಎನ್ನುವುದನ್ನು ಅಲ್ಲಿಯವರೆಗೆ ಬೇರೆ ರೀತಿಯಲ್ಲಿ ಗುರುತಿಸುತ್ತಿದ್ದರು, ಈಗ ಅದಕ್ಕೆ ಒಂದು ಫ್ಲ್ಯಾಗ್ ಬಂತು. ಆ ಕಮಿಟ್‌ನ ಪ್ರತಿ ಸಾಲೂ ತನ್ನಷ್ಟಕ್ಕೆ ಸರಿ. ಆದರೆ ನಾಲ್ಕು ವರ್ಷದಿಂದ ಬೇರೊಂದು ಕಡತದಲ್ಲಿ ಮಲಗಿದ್ದ ಆ ಎರಡು ಫಂಕ್ಷನ್‌ಗಳು ಈಗ ಹಳೆಯ ಫ್ಲ್ಯಾಗನ್ನು ಹೊಸ ಪುಟಕ್ಕೆ ದಾಟಿಸತೊಡಗಿದವು. ಕಡತದ ಡೇಟಾವನ್ನು ನಕಲು ಮಾಡದೆ ಪೈಪ್‌ಗೆ ಸೇರಿಸುವ ಸ್ಪ್ಲೈಸ್ ಮೂಲಕ ಬಂದ ಪುಟ ಪೇಜ್ ಕ್ಯಾಶ್‌ನದು, ಅಂದರೆ ಮೆಮೊರಿಯಲ್ಲಿರುವ ಕಡತದ್ದೇ ಪ್ರತಿ. ಪೈಪ್‌ಗೆ ಬರೆದರೆ ಓದಲು ಮಾತ್ರ ಅನುಮತಿ ಇರುವ ಕಡತದ ಪುಟದ ಮೇಲೆ ಬರಹ ಬೀಳುತ್ತಿತ್ತು. ಸಾಮಾನ್ಯ ಬಳಕೆದಾರರೂ ರೂಟ್ ಆಗಬಹುದಿತ್ತು.

ಮ್ಯಾಕ್ಸ್ ಕೆಲರ್‌ಮನ್ ಇದನ್ನು ಪತ್ತೆ ಮಾಡಿದ್ದು ವೆಬ್ ಸರ್ವರ್‌ನ ಲಾಗ್ ಕಡತಗಳು ಆಗಾಗ ಕೆಡುತ್ತಿದ್ದ ಕಾರಣ ಹುಡುಕುತ್ತಾ ಹೋಗಿ. 2022ರ ಮಾರ್ಚ್‌ನಲ್ಲಿ ಬಹಿರಂಗವಾಯಿತು. ಫಿಕ್ಸ್ ಎರಡೇ ಸಾಲು: ಎರಡೂ ಕಡೆ ಫ್ಲ್ಯಾಗ್ ಸೊನ್ನೆ ಮಾಡಿದರು.

ರಿವ್ಯೂಗೆ ಇದರಿಂದ ಬರುವ ಹೆಜ್ಜೆ ಹೀಗೆ. ಒಂದು ಸ್ಟ್ರಕ್ಟ್‌ಗೆ ಹೊಸ ಫೀಲ್ಡ್ ಬಂದರೆ, ಇರುವ ಫೀಲ್ಡ್‌ಗೆ ಹೊಸ ಅರ್ಥ ಬಂದರೆ, ಆ ಸ್ಟ್ರಕ್ಟ್ ಎಲ್ಲೆಲ್ಲಿ ಹುಟ್ಟುತ್ತದೆ ಎಂದು ‘ಗಿಟ್ ಗ್ರೆಪ್’ ಹಾಕಿ ಪ್ರತಿಯೊಂದನ್ನೂ ತೆರೆಯಿರಿ. ಎಲ್ಲ ಕಡೆ ಅದಕ್ಕೆ ಸರಿಯಾದ ಬೆಲೆ ಸಿಗುತ್ತಿದೆಯೇ? ಹುಟ್ಟುವ ಜಾಗ ಇಪ್ಪತ್ತಿದ್ದರೆ ಇಪ್ಪತ್ತನ್ನೂ ನೋಡಿ. ಬೇಸರದ ಕೆಲಸ ನಿಜ. ಆದರೆ ಪ್ಯಾಚ್ ಬರೆದವರು ಅದನ್ನು ಮಾಡಿಲ್ಲದಿರುವ ಸಾಧ್ಯತೆಯೇ ಹೆಚ್ಚು, ಟೂಲ್ ಮಾಡುವುದಿಲ್ಲ.

ಲಾಕ್: ಕರೆಯುವವರನ್ನು ಹುಡುಕಿ

ಸ್ಪಿನ್‌ಲಾಕ್ (ಬಿಡುವವರೆಗೆ ಬೇರೆಯವರು ಸುತ್ತುತ್ತಾ ಕಾಯುವ ಲಾಕ್) ಹಿಡಿದಿರುವಾಗ ನಿದ್ದೆ ಹೋಗುವ, ಅಂದರೆ ಸಿಪಿಯು ಬಿಟ್ಟುಕೊಟ್ಟು ಕಾಯುವ, ಹಾಗಿಲ್ಲ. ‘ಜಿಎಫ್‌ಪಿ_ಕರ್ನಲ್’ ಕೊಟ್ಟು ಮೆಮೊರಿ ಕೇಳಿದರೆ ನಿದ್ದೆ ಹೋಗಬಹುದು. ಎರಡೂ ಒಂದೇ ಫಂಕ್ಷನ್‌ನಲ್ಲಿದ್ದರೆ ಎಲ್ಲರಿಗೂ ಕಾಣುತ್ತದೆ. ಪ್ಯಾಚ್ ಒಂದು ಸಹಾಯಕ ಫಂಕ್ಷನ್‌ನಲ್ಲಿ ಮೆಮೊರಿ ಕೇಳಿ, ಆ ಫಂಕ್ಷನ್ನನ್ನು ಮೂರು ಹಂತ ಮೇಲಿನವರು ಲಾಕ್ ಹಿಡಿದು ಕರೆಯುತ್ತಿದ್ದರೆ ಡಿಫ್‌ನಲ್ಲಿ ಸುಳಿವೇ ಸಿಗದು. ಆದ್ದರಿಂದ ಬದಲಾದ ಫಂಕ್ಷನ್ನನ್ನು ಯಾರು ಕರೆಯುತ್ತಾರೆ, ಅವರನ್ನು ಯಾರು ಕರೆಯುತ್ತಾರೆ ಎಂದು ಮೇಲಕ್ಕೆ ಹತ್ತಿ. ಫಂಕ್ಷನ್ ಪಾಯಿಂಟರ್ ಮೂಲಕ ಕರೆ ಬರುತ್ತಿದ್ದರೆ ಆ ಕಾಲ್‌ಬ್ಯಾಕ್‌ನ ನಿಯಮ ಹೆಡರ್ ಕಡತದ ಕಾಮೆಂಟ್‌ನಲ್ಲೋ ಡಾಕ್ಯುಮೆಂಟೇಷನ್ ಡೈರೆಕ್ಟರಿಯಲ್ಲೋ ಇರುತ್ತದೆ.

ಲಾಕ್ ಯಾವ ಡೇಟಾವನ್ನು ಕಾಯುತ್ತದೆ ಎಂದು ಸ್ಪಷ್ಟವಿಲ್ಲದಿದ್ದರೆ ಕೇಳಲು ಹಿಂಜರಿಯಬೇಡಿ. ‘ಈ ಫೀಲ್ಡನ್ನು ಇಂಟರಪ್ಟ್ ಹ್ಯಾಂಡ್ಲರ್ ಕೂಡ ಬದಲಿಸುತ್ತದೆ, ಇಲ್ಲಿ ಲಾಕ್ ಇಲ್ಲದೆ ಓದುವುದು ಏಕೆ ಸರಿ?’ ಎಂಬ ಒಂದು ಪ್ರಶ್ನೆ ಎಷ್ಟೋ ರೇಸ್‌ಗಳನ್ನು (ಒಂದೇ ಡೇಟಾವನ್ನು ಎರಡು ಕಡೆಯಿಂದ ಒಟ್ಟಿಗೆ ಮುಟ್ಟಿ ಆಗುವ ದೋಷಗಳನ್ನು) ಹೊರಹಾಕಿದೆ. ಫಂಕ್ಷನ್ ಲಾಕ್ ಹಿಡಿದೇ ಬರಬೇಕು ಎಂಬ ನಿಯಮವಿದ್ದರೆ ಅದನ್ನು ಕಾಮೆಂಟ್‌ನಲ್ಲಿ ಬರೆಯುವುದಕ್ಕಿಂತ ‘ಲಾಕ್‌ಡೆಪ್_ಅಸರ್ಟ್_ಹೆಲ್ಡ್’ ಹಾಕಿಸಿ. ಓಡಿಸುವಾಗ ‘ಪ್ರೂವ್_ಲಾಕಿಂಗ್’, ‘ಡೀಬಗ್_ಅಟಾಮಿಕ್_ಸ್ಲೀಪ್’, ‘ಕಸಾನ್’ ಎಂಬ ಮೂರೂ ಕರ್ನಲ್ ಬಿಲ್ಡ್ ಆಯ್ಕೆಗಳು ಆನ್ ಇರಲಿ. ಲಾಕ್ ಇಲ್ಲದೆ ಓದಲು ಬಿಡುವ ಆರ್‌ಸಿಯು ವಿಧಾನ ಬಂದ ಪ್ಯಾಚ್‌ನಲ್ಲಿ ನಿಮಗೆ ಖಚಿತವಿಲ್ಲದಿದ್ದರೆ ಆ ಭಾಗ ನೋಡಿಲ್ಲ ಎಂದು ಬರೆಯುವುದೇ ಒಳ್ಳೆಯದು.

ಬಳಕೆದಾರರ ಗಡಿ ದಾಟುವ ಪ್ಯಾಚ್

ಹೊಸ ಐಯೋಕಂಟ್ರೋಲ್ (ಡಿವೈಸ್‌ಗೆ ಆದೇಶ ಕೊಡುವ ಕರೆ), ಹೊಸ ಸಿಸ್‌ಎಫ್‌ಎಸ್ ಕಡತ, ಹೊಸ ಸಿಸ್ಟಂ ಕಾಲ್ ಇರುವ ಪ್ಯಾಚ್‌ಗೆ ಬೇರೆಯೇ ಅಳತೆ. ಒಳಗಿನ ಕೋಡ್ ತಪ್ಪಾದರೆ ನಾಳೆ ತಿದ್ದಬಹುದು. ಹೊರಗಿನವರು ಬಳಸಲು ಶುರು ಮಾಡಿದ ಇಂಟರ್‌ಫೇಸ್ ಹಾಗಲ್ಲ, ಓಡುತ್ತಿರುವ ಪ್ರೋಗ್ರಾಂ ಕರ್ನಲ್‌ನಿಂದ ಕೆಡಬಾರದು ಎಂಬುದು ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಎಂದೂ ಬಿಟ್ಟುಕೊಡದ ನಿಯಮ. ಹಾಗಾಗಿ ಮೊದಲ ಪ್ರಶ್ನೆ: ಇದು ಬೇಕೇ? ಇರುವ ಇಂಟರ್‌ಫೇಸ್‌ನಲ್ಲಿ ಆಗುವುದಿಲ್ಲವೇ? ಇದನ್ನು ಬಳಸುವ ಪ್ರೋಗ್ರಾಂ ಎಲ್ಲಿದೆ, ತೋರಿಸಿ?

ಬೇಕೆಂದಾದರೆ ಸ್ಟ್ರಕ್ಟ್‌ನ ಒಂದೊಂದು ಫೀಲ್ಡ್ ನೋಡಿ. ಅಳತೆ ಖಚಿತವಿರುವ ಟೈಪ್‌ಗಳೇ ಇರಬೇಕು, 32 ಬಿಟ್ ಪ್ರೋಗ್ರಾಂ 64 ಬಿಟ್ ಕರ್ನಲ್ ಮೇಲೆ ಓಡಿದರೂ ಒಂದೇ ಆಕಾರ ಬರಬೇಕು. ಮುಂದಕ್ಕೆಂದು ಕಾದಿಟ್ಟ ಫೀಲ್ಡ್‌ಗಳು ಈಗ ಸೊನ್ನೆಯೇ ಆಗಿರಬೇಕೆಂದು ಕರ್ನಲ್ ತಪಾಸಿಸಬೇಕು. ಇಲ್ಲದಿದ್ದರೆ ಮುಂದೆ ಅವನ್ನು ಬಳಸುವ ಹಾಗಿಲ್ಲ. ಫೀಲ್ಡ್‌ಗಳ ನಡುವಿನ ಖಾಲಿ ಬೈಟ್‌ಗಳಲ್ಲಿ ಕರ್ನಲ್ ಸ್ಟ್ಯಾಕ್‌ನ ಹಳೆಯ ಡೇಟಾ ಹೊರಗೆ ಸೋರಬಹುದು, ಆದ್ದರಿಂದ ಕಾಪಿ ಮಾಡುವ ಮೊದಲು ಇಡೀ ಸ್ಟ್ರಕ್ಟ್ ಸೊನ್ನೆಯಾಗಿದೆಯೇ ನೋಡಿ. ಬಳಕೆದಾರರ ಮೆಮೊರಿಯಿಂದ ಉದ್ದವನ್ನು ಒಮ್ಮೆ ಓದಿ ತಪಾಸಿಸಿ, ಮತ್ತೊಮ್ಮೆ ಓದಿ ಬಳಸಿದರೆ ನಡುವೆ ಇನ್ನೊಂದು ಥ್ರೆಡ್ ಅದನ್ನು ಬದಲಿಸಬಹುದು. ಒಮ್ಮೆ ಓದಿ ಅದನ್ನೇ ಬಳಸಬೇಕು. ಎಣಿಕೆಯನ್ನು ಅಳತೆಯಿಂದ ಗುಣಿಸಿ ಮೆಮೊರಿ ಪಡೆಯುವ ಕೆಮ್ಯಾಲಕ್‌ಗೆ ಕೊಟ್ಟಿದ್ದರೆ ಗುಣಲಬ್ಧ ಮಿತಿ ಮೀರಬಹುದು, ಆದ್ದರಿಂದ ‘ಕೆಮ್ಯಾಲಕ್_ಅರೇ’ ಅಥವಾ ‘ಸ್ಟ್ರಕ್ಟ್_ಸೈಜ್’ ಹಾಕಿಸಿ.

ಉತ್ತರ ಬರೆಯುವುದು

ಪ್ಲೇನ್ ಟೆಕ್ಸ್ಟ್ ಮೇಲ್, ಆಯಾ ಸಾಲಿನ ಕೆಳಗೇ ನಿಮ್ಮ ಮಾತು, ಬೇಡದ ಭಾಗ ಕತ್ತರಿಸಿ. ಮೇಲ್ಗಡೆ ಉತ್ತರ ಬರೆದು ಇಡೀ ಪ್ಯಾಚ್ ಕೆಳಗೆ ನೇತುಹಾಕುವುದು ಅಲ್ಲಿ ಸಲ್ಲದು.

ನಮ್ಮ ಕಡೆಯವರಿಗೆ ಒಂದು ಮಾತು ಪ್ರತ್ಯೇಕ ಹೇಳಬೇಕು. ಆಫೀಸಿನಲ್ಲಿ ಹಿರಿಯರ ಕೋಡ್‌ನಲ್ಲಿ ತಪ್ಪು ಕಂಡರೂ ಮೀಟಿಂಗ್‌ನಲ್ಲಿ ಬಾಯಿಬಿಡದ ಸಂಕೋಚ ನಮ್ಮಲ್ಲಿದೆ. ಕರ್ನಲ್‌ನಲ್ಲಿ ಸರ್, ಮೇಡಂ ಇಲ್ಲ. ಇಪ್ಪತ್ತು ವರ್ಷ ಮೇಂಟೇನರ್ ಆಗಿರುವವರ ಪ್ಯಾಚ್‌ಗೂ ಹೆಸರು ಹಿಡಿದು ಕರೆದೇ ಪ್ರಶ್ನೆ ಕೇಳುತ್ತಾರೆ, ಅದನ್ನು ಅಗೌರವ ಎಂದು ಯಾರೂ ತಿಳಿಯುವುದಿಲ್ಲ. ಗೌರವ ತೋರುವುದು ಪ್ಯಾಚನ್ನು ಪೂರ್ತಿ ಓದುವುದರಲ್ಲಿ. ಖಚಿತವಿದ್ದರೆ ನೇರವಾಗಿ ಹೇಳಿ, ತಪ್ಪು ಯಾವ ಹಾದಿಯಲ್ಲಿ ಆಗುತ್ತದೆ ಎಂದು ಹೆಜ್ಜೆ ಹೆಜ್ಜೆಯಾಗಿ ಬರೆಯಿರಿ. ಖಚಿತವಿಲ್ಲದಿದ್ದರೆ ಪ್ರಶ್ನೆಯಾಗಿ ಕೇಳಿ. ತಿದ್ದಲೇಬೇಕಾದದ್ದು ಯಾವುದು, ತಿದ್ದಿದರೆ ಚೆನ್ನ ಎನ್ನುವುದು ಯಾವುದು ಎಂದು ಬೇರೆ ಮಾಡಿ ತೋರಿಸಿ. ಇಲ್ಲದಿದ್ದರೆ ಹೊಸಬರು ಕಾಗುಣಿತದ ತಪ್ಪನ್ನು ತಿದ್ದಿ ರೇಸ್ ಹಾಗೇ ಬಿಟ್ಟು ಎರಡನೇ ಆವೃತ್ತಿ ಕಳಿಸುತ್ತಾರೆ. ಮಾತು ಕೋಡ್ ಮೇಲಿರಲಿ, ಬರೆದವರ ಮೇಲೆ ಬೇಡ. ಎದುರಿಗಿರುವವರು ಮೊದಲ ಪ್ಯಾಚ್ ಕಳಿಸುತ್ತಿರುವ ವಿದ್ಯಾರ್ಥಿಯೂ ಆಗಿರಬಹುದು.

ಎಲ್ಲ ಸರಿಯಿದ್ದರೆ ರಿವ್ಯೂಡ್-ಬೈ ಟ್ಯಾಗ್ ಕೊಡಿ. ಆದರೆ ಅದು ಬರೀ ‘ಚೆನ್ನಾಗಿದೆ’ ಎಂಬ ಮಾತಲ್ಲ. ಅದರ ಅರ್ಥವನ್ನು ಕರ್ನಲ್‌ನ ದಾಖಲೆಯಲ್ಲೇ ಬರೆದಿದ್ದಾರೆ: ತಾಂತ್ರಿಕವಾಗಿ ಓದಿದ್ದೇನೆ, ಕಂಡ ತಕರಾರುಗಳನ್ನು ತಿಳಿಸಿ ಉತ್ತರಗಳಿಂದ ತೃಪ್ತಿಯಾಗಿದೆ, ನನಗೆ ಗೊತ್ತಿರುವ ದೋಷ ಇದರಲ್ಲಿಲ್ಲ, ಇದು ಸೇರುವುದು ಯೋಗ್ಯ. ಹೇಳಿದ ಕೆಲಸ ಮಾಡೇ ಮಾಡುತ್ತದೆ ಎಂಬ ಖಾತರಿ ಅದರಲ್ಲಿಲ್ಲ. ಓಡಿಸಿ ನೋಡಿದ್ದರೆ ಟೆಸ್ಟೆಡ್-ಬೈ ಬೇರೆ, ಯಾವ ಹಾರ್ಡ್‌ವೇರ್ ಮೇಲೆ ಎಂದೂ ಬರೆಯಿರಿ. ಆಕ್ಡ್-ಬೈ ಸಾಮಾನ್ಯವಾಗಿ ಆ ಭಾಗದ ಹೊಣೆ ಹೊತ್ತವರು ಒಪ್ಪಿಗೆ ಸೂಚಿಸುವುದಕ್ಕೆ. ಒಂದೇ ಕಂಪನಿಯ ಸಹೋದ್ಯೋಗಿಗಳು ಹೊರಗೆ ಒಂದು ಪ್ರಶ್ನೆಯನ್ನೂ ಕೇಳದೆ ಮೊದಲ ಆವೃತ್ತಿಗೇ ಟ್ಯಾಗ್ ಅಂಟಿಸಿ ಕಳಿಸುವ ಅಭ್ಯಾಸ ನನಗೆ ಸರಿ ಕಾಣುವುದಿಲ್ಲ. ಒಳಗೆ ಓದಿರಬಹುದು, ಆದರೆ ಏನು ನೋಡಿದರು ಎಂದು ಮೇಂಟೇನರ್‌ಗೆ ತಿಳಿಯುವ ದಾರಿಯೇ ಇಲ್ಲ. ಅದೇ ಚರ್ಚೆ ಎಲ್ಲರೆದುರು ನಡೆದರೆ ಮುಂದೆ ಬರುವವರಿಗೂ ಓದಲು ಸಿಗುತ್ತದೆ.

ಎರಡನೇ ಆವೃತ್ತಿ, ಆಮೇಲೆ ಸ್ಟೇಬಲ್

ಹೊಸ ಆವೃತ್ತಿ ಬಂದಾಗ ಮೊದಲಿನಿಂದ ಓದಬೇಕಿಲ್ಲ. ‘ಗಿಟ್ ರೇಂಜ್-ಡಿಫ್’ ಎರಡು ಆವೃತ್ತಿಗಳ ನಡುವೆ ಏನು ಬದಲಾಯಿತು ಎಂದು ಮಾತ್ರ ತೋರಿಸುತ್ತದೆ. ನೀವು ಕೇಳಿದ್ದು ಬಂತೇ, ಕೇಳದೆ ಇರುವುದೂ ಬಂತೇ ಎರಡನ್ನೂ ನೋಡಿ. ಕೋಡ್ ಗಣನೀಯವಾಗಿ ಬದಲಾಗಿದ್ದೂ ನಿಮ್ಮ ಹಳೆಯ ಟ್ಯಾಗ್ ಹಾಗೇ ಉಳಿದಿದ್ದರೆ ತೆಗೆಯಲು ಹೇಳಿ ಮತ್ತೆ ಓದಿ.

ಪ್ಯಾಚ್ ಮುಖ್ಯ ಕರ್ನಲ್ ಸೇರಿದ ಮೇಲೂ ನಿಮಗೆ ಮೇಲ್ ಬರಬಹುದು. ಫಿಕ್ಸ್ ಆಗಿದ್ದರೆ ಅದನ್ನು ಸ್ಟೇಬಲ್ ತಂಡದವರು ಹಳೆಯ ಆವೃತ್ತಿಗಳಿಗೂ ಒಯ್ಯುತ್ತಾರೆ, ಬಿಡುಗಡೆಗೆ ಮುನ್ನ ಆಕ್ಷೇಪ ಹೇಳಲು ಸಾಮಾನ್ಯವಾಗಿ ಎರಡು ದಿನ ಕೊಡುತ್ತಾರೆ. ಪ್ಯಾಚ್ ಅಲ್ಲಿ ತಕರಾರಿಲ್ಲದೆ ಹಚ್ಚಿಕೊಂಡಿತು ಎಂದರೆ ಅದರ ಸುತ್ತಲಿನ ಆರು ಸಾಲು ಹೊಂದಿದವು ಎಂದಷ್ಟೇ ಅರ್ಥ. ಆ ಆವೃತ್ತಿಯ ಟ್ರೀ ತೆರೆದು, ನೀವು ರಿವ್ಯೂ ಮಾಡುವಾಗ ನಂಬಿದ್ದ ಲಾಕ್, ಸಹಾಯಕ ಫಂಕ್ಷನ್, ಬಿಡುಗಡೆಯ ಕ್ರಮ ಅಲ್ಲೂ ಹಾಗೆಯೇ ಇವೆಯೇ ನೋಡಿ. ಇಲ್ಲದಿದ್ದರೆ ಆ ಮೇಲ್‌ಗೇ ಉತ್ತರಿಸಿ, ಯಾವ ಕಮಿಟ್ ಮೊದಲು ಬೇಕು ಎಂದು ತಿಳಿಸಿ. ಅದು ಸಾಧ್ಯವಿಲ್ಲದಿದ್ದರೆ ಈ ಆವೃತ್ತಿಯಿಂದ ಕೈಬಿಡಿ ಎಂದು ಕಾರಣ ಸಮೇತ ಬರೆಯಿರಿ.